ಬೆಂಕಿಪೊಟ್ಟಣ ನಜ್ಜುಗುಜ್ಜಾಗಲಿಲ್ಲ

೨೦೦೯ನೆಯ ಇಸವಿ ಜನವರಿ ೧೨, ಸೋಮವಾರ. ಚಳಿಗಾಲ, ಬೆಳಗಿನ ಮಂಜು ಡಿಪೋದ ಅಂಗಳವನ್ನು ಇನ್ನೂ ಬಿಟ್ಟಿರಲಿಲ್ಲ. ಸಹೋದ್ಯೋಗಿಗಳು ‘ಟಾಪ್‌ಗೇರ್ ಅಕ್ಕ’ ಎಂದು ಕರೆಯುತ್ತಿದ್ದ ಬಸ್ ಚಾಲಕಿ ಬಸ್ಸಿನಿಂದ ಇಳಿದಾಗ ಎಡಪಾದ ಚರಂಡಿಯ ಕಂಬಿಗಳ ನಡುವೆ ಸಿಕ್ಕಿಕೊಂಡು, ಮೈ ಮಾತ್ರ ತಿರುಗಿತು. ಮಂಡಿಯೊಳಗಿನ ಅಸ್ಥಿರಜ್ಜು ಹರಿಯಿತು.

ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಜುಲೈ ೨೦ರಂದು ಏರುದಾರಿಯಲ್ಲಿ ನಿಂತ ಬಸ್ಸನ್ನು ಹಿಂದೆ ಜಾರದಂತೆ ಹೊರಡಿಸುವ ಪರೀಕ್ಷೆ, ತಪ್ಪಿದರೆ ಟಿಕೆಟ್ ಕಿಟಕಿಯ ಕುರ್ಚಿ ಎಂದು ಡಿಪೋದ ಸಾಹೇಬರು ತಿಳಿಸಿದರು. ಸ್ಟಿಯರಿಂಗ್ ಬಿಟ್ಟು ಕುರ್ಚಿಗೆ ಅಂಟಿಕೊಳ್ಳುವುದು ಅಕ್ಕನ ಜಾಯಮಾನವೇ ಅಲ್ಲ. ಕಾಲಿಗೆ ಕಸುವು ಬರಲೆಂದು ಅವರು ದಿನವೂ ನಿಂತ ಬಸ್ಸಿನಲ್ಲಿ ಕುಳಿತು, ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯತೊಡಗಿದರು. ಮಂಡಿ ಊದಿಕೊಂಡಿತು.

ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು ಬಿಡಿಸಿ ಹೇಳಿದಳು: ಆ ರಜ್ಜು ಕಣಕಾಲಿನ ಮೂಳೆಗೆ ಕಡಿವಾಣ; ಅದು ಹರಿದರೆ ಮೂಳೆ ಮುಂದಕ್ಕೆ ಜಾರಿ ತಿರುಗುತ್ತದೆ, ಅದಕ್ಕೆ ಕಟ್ಟಿಕೊಂಡ ಮಂಡಿಚಿಪ್ಪೂ ತನ್ನ ಜಾಡಿನಲ್ಲಿ ಓರೆಯಾಗುತ್ತದೆ. ರಜ್ಜುವನ್ನು ಜೋಡಿಸಿದ ಮೇಲೂ ತೊಡೆಯ ಸ್ನಾಯು ಸೊರಗಿದ್ದರೆ ಚಿಪ್ಪು ನೆಟ್ಟಗಾಗದು. ಮಡಿಚಿದ ಮಂಡಿಯ ಮೇಲೆ ಬಹಳ ಹೊತ್ತು ಭಾರ ಹಾಕಿದರೆ ಓರೆಯಾದ ಚಿಪ್ಪು ಮೂಳೆಗೆ ಉಜ್ಜುತ್ತದೆ.

ಪಕ್ಕದಲ್ಲಿದ್ದ ಅಕ್ಕನ ಗಂಡ, ದರ್ಜಿ, ನಗು ತಡೆಯಲಾರದೆ ಹೇಳಿದ:

“ಕಲಿಯೋಕೆ ಬಂದೋರಿಗೆಲ್ಲ ‘ಕ್ಲಚ್ಚೇನು ನಿಮ್ಮಜ್ಜಿ ಕಾಲುಮಣೆಯಾ’ ಅಂತ ಬೈತಿದ್ದೋಳು ನೀನೇ ತಾನೆ?”

“ಬೈದಿದ್ದು ಕ್ಲಚ್ ಸವೆಯುತ್ತೆ ಅಂತ. ಮಂಡಿಯೂ ಸವೆಯುತ್ತೆ ಅಂತ ಯಾರಿಗೆ ಗೊತ್ತಿತ್ತು?” ಎಂದರು ಅಕ್ಕ.

ಅಂದಿನಿಂದ ಬಸ್ಸಿನ ಅಭ್ಯಾಸ ನಿಂತಿತು. ಮನೆಯ ಹಾಸಿಗೆಯ ಮೇಲೆ ಕಾಲು ನೀಡಿ, ತೊಡೆ ಬಿಗಿದು ಎತ್ತುವುದು. ಗಂಡನ ಹೊಲಿಗೆಯಂತ್ರದ ಸದ್ದೇ ತಾಳ.

ಜುಲೈ ೨೦, ಸೋಮವಾರ. ಡಿಪೋದ ಹಳೆಯ ಪದ್ಧತಿಯಂತೆ ಸಾಹೇಬರು ಏರಿನ ನಡುವೆ ಬಸ್ ನಿಲ್ಲಿಸಲು ಹೇಳಿ, ಹಿಂದಿನ ಚಕ್ರದ ಹಿಂಬದಿಗೆ ತಾಗುವಂತೆ ಬೆಂಕಿಪೊಟ್ಟಣವಿಟ್ಟರು. ಬಸ್ ಹಿಂದೆ ಸರಿದರೆ ಪೊಟ್ಟಣ ನಜ್ಜುಗುಜ್ಜು. ಅಕ್ಕ ಕ್ಲಚ್ಚನ್ನು ಪೂರ್ತಿ ಒತ್ತಿದರು, ಹದವಾಗಿ ಬಿಟ್ಟರು. ಮಂಡಿ ತಕರಾರು ಮಾಡಲಿಲ್ಲ. ಬಸ್ ಆನೆಯಂತೆ ಮುಂದಡಿಯಿಟ್ಟಿತು. ಸಾಹೇಬರೇ ಬಗ್ಗಿ, ಮುಕ್ಕಾಗದ ಪೊಟ್ಟಣವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ನೋಡಲು ಬಂದಿದ್ದ ಗಂಡ ಬೇರೆಲ್ಲೋ ನೋಡುತ್ತ ಕಣ್ಣೊರೆಸಿಕೊಂಡ.

ಆಗಸ್ಟ್ ೩ರಂದು ಅಕ್ಕ ಕೆಲಸಕ್ಕೆ ಮರಳಿದರು. ೨೦೨೧ರ ಮೇ ೩೧ರಂದು ಚಾಲಕಿಯಾಗಿಯೇ ನಿವೃತ್ತರಾದರು. ಮಂಡಿಚಿಪ್ಪು ಇಂದಿಗೂ ಕೊಂಚ ಹೊರಕ್ಕೆ ವಾಲಿದೆ. ಆ ಪೊಟ್ಟಣದಲ್ಲಿ ಗಂಡ ಅಂಗಿಯ ಗುಂಡಿಗಳನ್ನು ಇಟ್ಟುಕೊಂಡಿದ್ದಾನೆ.