ಖರ್ಜೂರದ ಮರಕ್ಕೆ ಕಟ್ಟಿದ ಮಗ್ಗ

ದುಬೈನ ಚಳಿಗಾಲದ ಮೇಳ, ಸಂಜೆ ನಾಲ್ಕು. ಮಧ್ಯ ಅಮೆರಿಕದ ಗ್ವಾಟೆಮಾಲಾದಿಂದ ಬಂದ ಮಾಯಾ ಜನಾಂಗದ ಹೆಂಗಸು ಹುವಾನಾ ತನ್ನ ಮಳಿಗೆಯಲ್ಲಿ ನೆಲಕ್ಕೆ ಕೂತು ನೇಯುತ್ತಿದ್ದಾಳೆ. ಮಗ್ಗವೆಂದರೆ ಏಳೆಂಟು ಕೋಲು, ಅಷ್ಟೇ. ಒಂದು ತುದಿ ಕಂಬಕ್ಕೆ, ಇನ್ನೊಂದು ಅವಳ ಸೊಂಟದ ಪಟ್ಟಿಗೆ. ಅವಳು ಹಿಂದಕ್ಕೆ ವಾಲಿದರೆ ನೂಲು ಬಿಗಿಯುತ್ತದೆ.

ಮೇಳದ ಮೇಲ್ವಿಚಾರಕ ಬಂದು, "ಕಂಬಕ್ಕೆ ಹಗ್ಗ ಮಾಫಿ, ಕಟ್ಟುವಂತಿಲ್ಲ! ಬಿಚ್ಚಿ" ಎಂದ. ನೇಯ್ಗೆ ನೋಡುತ್ತ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು.

ಪಕ್ಕದ ಅತ್ತರಿನ ಮಳಿಗೆಯ ಭಟ್ಕಳದ ಇಸ್ಮಾಯಿಲ್ ಸಾಹೇಬರು, "ಖಲಾಸ್ ಮಾರಾಯ್ರೆ, ಇನ್ನು ಇವಳಿಗೆ ನೇಯ್ಲಿಕ್ಕೆ ಆಗುದಿಲ್ಲ" ಎಂದರು.

ಹುವಾನಾ ಕಂಬದ ಹಗ್ಗ ಬಿಚ್ಚಿದಳು. ಅರ್ಧ ನೇಯ್ದ ಬಟ್ಟೆಯನ್ನು ಕೋಲುಗಳ ಸಮೇತ ಚಾಪೆಯಂತೆ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೊರನಡೆದಳು. ಖರ್ಜೂರದ ಮರಕ್ಕೆ ಕಟ್ಟಿ ಕೂತಳು. ಒಂದೆಳೆಯೂ ಸಿಕ್ಕಾಗಿರಲಿಲ್ಲ!

ಜೊತೆಗಿದ್ದ ಮಗಳು ಇಂಗ್ಲಿಷಿನಲ್ಲಿ ಹೇಳಿದಳು: "ಅಂತರ್ಯುದ್ಧದಲ್ಲಿ ಸೈನಿಕರು ನಮ್ಮೂರು ಸುಟ್ಟ ದಿನವೂ ಅಮ್ಮ ಹೀಗೇ ಸುತ್ತಿಕೊಂಡು ಓಡಿದ್ದು. ಕಾಡಿನಲ್ಲಿ ಸಿಕ್ಕಿದ ಮರಕ್ಕೆ ಕಟ್ಟಿ ನೇಯ್ದಳು. ನಮ್ಮಲ್ಲಿ ಊರಿಗೊಂದು ಚಿತ್ತಾರ. ಕುಪ್ಪಸ ನೋಡಿಯೇ ನಮ್ಮವರನ್ನು ಗುರುತು ಹಿಡಿದು ಎಳೆದೊಯ್ಯುತ್ತಿದ್ದರು. ಅಮ್ಮ ಇವತ್ತಿಗೂ ಅದೇ ಚಿತ್ತಾರ ನೇಯುತ್ತಾಳೆ."

ಹುವಾನಾ ತೊಟ್ಟಿದ್ದೂ ಅದೇ. ಕೆಂಪು ನೆಲದ ಮೇಲೆ ಹಳದಿ ಹಕ್ಕಿಗಳು.

ಮಳಿಗೆಗಳ ಜನವೆಲ್ಲ ಮರದ ಸುತ್ತ ಸೇರಿತು. ಸಾಹೇಬರೂ ಅಂಗಡಿ ಬಿಟ್ಟು ಬಂದರು. ಮೇಲ್ವಿಚಾರಕ ಮತ್ತೆ ಬಂದಾಗ ನಾನು ಜಗಳಕ್ಕೇ ಸಿದ್ಧನಾದೆ. ಅವನು ಬಟ್ಟೆಯನ್ನೇ ಒಂದು ಗಳಿಗೆ ನೋಡಿ, ನಮ್ಮತ್ತ ತಿರುಗಿ ಗದರಿದ: "ಯಲ್ಲಾ, ನಡೀರಿ, ಹಿಂದೆ ಸರೀರಿ! ಅವರಿಗೆ ಬೆಳಕು ಬೇಕು."

ಹುವಾನಾ ಹಿಂದಕ್ಕೆ ವಾಲಿದಳು. ನೂಲು ಬಿಗಿಯಿತು.