ಲಾಡಿಯ ಕೆಳಗಿನ ಗಾಯ

ಬನಹಟ್ಟಿಯ ಶೇವಂತಿ ಇಪ್ಪತ್ತೆಂಟು ವರ್ಷ ಪಾವರ್‌ಲೂಮಿನ ಪಕ್ಕ ನಿಂತು ದುಡಿದವಳು. ಹರಿದ ಎಳೆಗೆ ಗಂಟು ಹಾಕುವುದು, ಮುಗಿದ ಕಂಡಿಕೆ ತೆಗೆದು ನೂಲು ಸುತ್ತಿದ ಹೊಸದನ್ನು ಇಡುವುದು, ಒಂದೇ ಸಲಕ್ಕೆ ನಾಲ್ಕು ಮಗ್ಗದ ಮೇಲೆ ಕಣ್ಣಿಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಮಗ್ಗದ ಹತ್ತಿರ ಸಡಿಲು ಸೀರೆ ಎಂದರೆ ಸಾವು. ಮೋಟಾರಿನಿಂದ ಓಡುವ ಪಟ್ಟಾ ಒಮ್ಮೆ ಸೀರೆ ಹಿಡಿಯಿತೆಂದರೆ ಉಟ್ಟವಳನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಅವಳ ಓಣಿಯ ಹೆಂಗಸರು ಸೀರೆಯೊಳಗಿನ ಪರಕಾರದ ಲಾಡಿಯನ್ನು ಉಸಿರು ಹಿಡಿದು ಬಿಗಿಯುತ್ತಾರೆ, ಸೀರೆ ಸಿಕ್ಕಿಸಿ ಮತ್ತೊಮ್ಮೆ ಬಿಗಿಯುತ್ತಾರೆ. ಬೆವರು, ಹತ್ತಿಯ ಧೂಳು ಎರಡೂ ಅದರ ಕೆಳಗೇ ಕೂರುತ್ತವೆ.

ಎಡಸೊಂಟದ ಮೇಲೆ, ಲಾಡಿಯ ಗಂಟು ಕೂರುವಲ್ಲಿ, ಎರಡು ವರ್ಷದ ಹಿಂದೆ ಚರ್ಮ ಒಡೆಯಿತು. ಶೇವಂತಿ ಕೊಬ್ಬರಿ ಎಣ್ಣೆ ಹಚ್ಚಿದಳು. ಹಕ್ಕಳೆ ಕಟ್ಟಿತು, ಉದುರಿತು, ಮತ್ತೆ ಒಡೆಯಿತು. ಆಗ ಈ ಶಾಣ್ಯಾಕಿ ಏನು ಮಾಡಿದಳು ಗೊತ್ತೇ? ಮಗ್ಗದಡಿ ಬಿದ್ದ ನೂಲಿನ ಚಿಂದಿಯನ್ನು ಮೆತ್ತಗೆ ಉಂಡೆ ಕಟ್ಟಿ ಗಾಯದ ಮೇಲಿಟ್ಟು, ಅದು ಜಾರದಿರಲಿ ಎಂದು ಲಾಡಿಯನ್ನು ಇನ್ನಷ್ಟು ಬಿಗಿದಳು! ಎರಡು ವರ್ಷ, ದಿನಾ ಅದೇ ಕೆಲಸ. ಗಂಡನಿಗೆ ಹೇಳಲಿಲ್ಲ. ಸೊಂಟ ಬಿಚ್ಚಿ ಡಾಕ್ಟರಿಗೆ ತೋರಿಸಲು ನಾಚಿಕೆ. ಮೇಲಾಗಿ ಅದು ನೋಯುತ್ತಲೂ ಇರಲಿಲ್ಲ.

ಚಿಂದಿಗೆ ರಕ್ತ ಹತ್ತಿದ್ದನ್ನು ಕಂಡವಳು ಸೊಸೆ ಪೂರ್ಣಿಮಾ. "ಅತ್ತಿ, ಇದೇನ್ರಿ?" ಎಂದವಳೇ ಸೀರೆ ಸರಿಸಿ ನೋಡಿದಳು. ಅಂಚು ಗಟ್ಟಿಯಾಗಿ ಮೇಲೆದ್ದ, ಎಂಟಾಣೆಯಷ್ಟು ಅಗಲದ ಹುಣ್ಣು. ಮರುದಿನವೇ ಜಮಖಂಡಿಗೆ ಕರೆದೊಯ್ದಳು. ಡಾಕ್ಟರಮ್ಮ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಉತ್ತರ ಬಂತು. ಚರ್ಮದ ಕ್ಯಾನ್ಸರ್.

"ಚರ್ಮದ ಕ್ಯಾನ್ಸರಿನ್ಯಾಗ ಇದು ಭಾಳ ಮಂದಿಗೆ ಬರೂ ನಮೂನಿ," ಎಂದರು ಡಾಕ್ಟರಮ್ಮ. "ಹೆಚ್ಚಾಗಿ ಬಿಸಲಿಗೆ ಬರತೈತಿ. ನಿಮಗ ಲಾಡಿಯಿಂದ ಬಂದೈತ್ರಿ. ಒಂದ ಜಾಗಾ ದಿನಾ ತಿಕ್ಕಿ, ಒಡದು, ಕೂಡಿ, ಮತ್ತ ಒಡದು, ವರ್ಷಗಟ್ಟಲೆ ಹಿಂಗಾದ್ರ ಚರ್ಮ ತಾ ಎಷ್ಟ ಬೆಳೀಬೇಕು ಅನ್ನೂದ ಮರೀತೈತಿ. ಪೂರಾ ತಗದ್ರ ಆರಾಮ ಆಗ್ತೀರಿ. ಆದ್ರ ತೊಡಿಸಂದಿನ್ಯಾಗ ಒಂದು ಗಂಟ ಕೈಗೆ ಹತ್ತೈತಿ. ಅಲ್ಲಿಗೆ ಹಬ್ಬೇತೇನು ನೋಡಬೇಕು. ಹಬ್ಬಿದ್ರ ಕಠಿಣ."

ಶೇವಂತಿ "ಹೂಂ" ಎಂದಳು. ಅಷ್ಟೇ. ಅಳು ಬರಲಿಲ್ಲ, ಹೆದರಿಕೆಯೂ ಬರಲಿಲ್ಲ. ತಲೆಯ ಮೇಲಿನ ಫ್ಯಾನು ಎಷ್ಟು ನಿಧಾನ ತಿರುಗುತ್ತದಲ್ಲ ಎಂದುಕೊಂಡಳು. ಬಸ್ಸಿನಲ್ಲಿ ಪೂರ್ಣಿಮಾ ಬಿಕ್ಕಿ ಬಿಕ್ಕಿ ಅತ್ತರೆ, ಇವಳು ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕೂತಳು. ಮನೆಯಲ್ಲಿ ಗಂಡ ಬಸಗೊಂಡಪ್ಪ, "ಅಂಜಿಕಿ ಬಂದೈತೇನ?" ಎಂದು ಕೇಳಿದ.

"ಏನೂ ಅನಸವಲ್ದು," ಎಂದಳು. ಖರೆಯೇ ಹೇಳಿದ್ದಳು.

ಗಂಟಿಗೆ ಸೂಜಿ ಹಾಕಿ ನೋಡಿದರು. ಹಬ್ಬಿರಲಿಲ್ಲ. ಬಾಗಲಕೋಟೆಯಲ್ಲಿ ಹುಣ್ಣನ್ನು ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ತೆಗೆದು, ತೊಡೆಯ ಚರ್ಮ ತಂದು ಹೊದಿಸಿದರು. ಮನೆಯವರೆಲ್ಲ ದೇವರಿಗೆ ಕೈಮುಗಿದರು. ಶೇವಂತಿ ಆಗಲೂ ಹಾಸಿಗೆಯ ಮೇಲೆ ಕಲ್ಲಿನ ಹಾಗೆ ಕೂತಿದ್ದಳು. ಬದುಕಿದವಳಿಗೆ ಒಂದಿಷ್ಟು ನಗುವಾದರೂ ಬರಬಾರದೇ!

ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಮಾತಾಡಿಸಲು ಬಂದರು, ಚಹಾ ಕುಡಿದು ಹೋದರು. ಎದುರು ಮನೆಯ ಸಿದ್ದಕ್ಕ ಮಾತ್ರ ಉಳಿದಳು. ಬಾಗಿಲು ಮುಂದೆ ಮಾಡಿ, ಲಾಡಿ ಸಡಿಲಿಸಿ, ಪಕ್ಕಕ್ಕೆ ತಿರುಗಿ ನಿಂತಳು.

"ನಿಂದೂ ಹಿಂಗ ಇತ್ತೇನ ಬೇ?"

ಹೀಗಿರಲಿಲ್ಲ. ಸಿದ್ದಕ್ಕನ ಸೊಂಟದ ಹುಣ್ಣು ಅಂಗೈಯಷ್ಟು ಅಗಲವಿತ್ತು.

"ಎಷ್ಟ ವರ್ಷಾತು?" ಎಂದಳು ಶೇವಂತಿ.

"ಐದ ಇರಬೇಕು. ತೊಡಿಸಂದಿನ್ಯಾಗೂ ಗಂಟ ಆಗೇತಿ." ಸಿದ್ದಕ್ಕ ಲಾಡಿಯನ್ನು ಮತ್ತೆ ಬಿಗಿಯತೊಡಗಿದಳು. "ಯಾರ ಮುಂದೂ ಅನಬ್ಯಾಡ. ನಮ್ಮ ಮನ್ಯಾರಿಗೆ ಗೊತ್ತಿಲ್ಲ. ನಿಂದ ಹಬ್ಬಿರಲಿಲ್ಲಲ್ಲ, ನಂದೂ ಹಬ್ಬಿರಾಕಿಲ್ಲ."

ಇಷ್ಟು ದಿನ ಬಾರದ ಅಂಜಿಕೆ ಶೇವಂತಿಗೆ ಒಮ್ಮೆಲೇ ಬಂತು. ಅದರ ಹಿಂದೆಯೇ ಸಿಟ್ಟು ಬಂತು, ಸಿದ್ದಕ್ಕನ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ. ಸಿದ್ದಕ್ಕನ ಕೈಯನ್ನು ಲಾಡಿಯಿಂದ ಕಿತ್ತು ಸರಿಸಿದಳು. ಹೊಲಿಗೆ ಎಳೆಯುತ್ತಿದ್ದರೂ ಎದ್ದು ಬಾಗಿಲು ತೆಗೆದು ನಿಂತಳು. ಎದುರು ಮನೆಯಲ್ಲಿ ಸಿದ್ದಕ್ಕನ ಗಂಡ ದಶರಥ ಮಗ್ಗ ನಡೆಸುತ್ತಿದ್ದ. ಆ ಖಡಖಡ ಸದ್ದಿನಲ್ಲಿ ಮೆಲ್ಲಗೆ ಹೇಳಿದ ಮಾತು ಯಾರಿಗೂ ಕೇಳುವುದಿಲ್ಲ.

"ದಶರಥಣ್ಣಾ, ಮಗ್ಗ ಬಂದ್ ಮಾಡೋ! ನಿನ್ನ ಹೇಣತಿ ಸೊಂಟದಾಗ ಹುಣ್ಣ ಐತಿ! ಐದ ವರ್ಷದ್ದು! ಈಗಿಂದೀಗ ಜಮಖಂಡಿಗೆ ಕರಕೊಂಡ ನಡಿ!"

ಒಳಗೆ ಸಿದ್ದಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಓಣಿಯ ಹೆಂಗಸರು ತಂತಮ್ಮ ಬಾಗಿಲಿಗೆ ಬಂದು ನಿಂತರು. ಶೇವಂತಿ ಅಳುತ್ತ ಅದನ್ನೇ ಮತ್ತೆ ಕೂಗಿದಳು, ಮಗ್ಗ ನಿಲ್ಲುವ ತನಕ ಕೂಗಿದಳು.