ನೀರು ಬಿಡುವ ಮೈಲಾರಪ್ಪನ ಮಾತು

ಬೆಂಗೇರಿಯಲ್ಲಿ ಮದುವೆಗೆ ಮುಹೂರ್ತ ಇಡುವವರು ಬೇರೆ, ಬಟ್ಟೆ ಒಗೆಯುವುದಕ್ಕೆ ಮುಹೂರ್ತ ಇಡುವವನು ಮೈಲಾರಪ್ಪ. ನಗಬೇಡಿ. ಏಳೆಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬರುವ ಕಡೆ ನಾಲ್ಕು ದಿನ ಇದ್ದು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಹಾಸಿಗೆ ತೊಳೆಯುವುದು, ಬೀಗರನ್ನು ಊಟಕ್ಕೆ ಕರೆಯುವುದು, ಕೊನೆಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು ಸಹ ನೀರಿನ ದಿನ ನೋಡಿಯೇ. ಇಪ್ಪತ್ತಾರು ವರ್ಷದಿಂದ ಆತ ಅಲ್ಲಿಯ ಒಂಬತ್ತು ಓಣಿಗಳಿಗೆ ನೀರು ಬಿಡುತ್ತಿದ್ದಾನೆ, ಅದೂ ಗುತ್ತಿಗೆ ಮೇಲೆ. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಾನೆ, ರಸ್ತೆಯ ಮುಚ್ಚಳ ತೆಗೆದು ವಾಲ್ವ್ ತಿರುಗಿಸುತ್ತಾನೆ, ಕೀಲಿಯ ಹಿಡಿಕೆಗೆ ಕಿವಿ ಹಚ್ಚಿ ಒಳಗೆ ನೀರು ಹೊರಟಿತೋ ಇಲ್ಲವೋ ಕೇಳುತ್ತಾನೆ. ಬಗ್ಗಿ ಬಗ್ಗಿ ಐವತ್ತೇಳಕ್ಕೇ ಸೊಂಟ ಹಿಡಿದಿದೆ. ಆದರೂ ಎರಡಕ್ಕೆ ಎಂದರೆ ಎರಡಕ್ಕೆ ನೀರು ಬಂತೆಂದೇ ಲೆಕ್ಕ.

ಮೊದಲು ಹೆಣ್ಣುಮಕ್ಕಳು ಆತನನ್ನು ಕಂಡಕಂಡಲ್ಲಿ ತಡೆಯುತ್ತಿದ್ದರು. ಸಂತೆಯಲ್ಲಿ ತಡೆದರು, ಬಸ್ಸಿನಲ್ಲಿ ತಡೆದರು, ಒಮ್ಮೆ ಮಣ್ಣಿಗೆ ಹೋದಲ್ಲಿ ಹೆಣದ ಮುಂದೆಯೇ ಒಬ್ಬಾಕೆ ಸೆರಗಿನಲ್ಲಿ ಕಣ್ಣೊರೆಸುತ್ತ, "ಯಣ್ಣಾ, ನಮ್ಮ ಓಣಿಗೆ ಯಾವಾಗ್ರಿ?" ಎಂದು ಕೇಳಿದಳು. ಇದನ್ನು ನೋಡಲಾರದೆ ಮಗಳು ಭಾಗ್ಯಾ ವಾಟ್ಸಾಪಿನಲ್ಲಿ 'ಬೆಂಗೇರಿ ನೀರು' ಅಂತ ಒಂದು ಗ್ರೂಪು ಮಾಡಿಕೊಟ್ಟಳು. ಅಕ್ಷರ ಒತ್ತುವುದು ಅಪ್ಪನಿಗೆ ಒಗ್ಗಲಿಲ್ಲ. ಗುಂಡಿ ಹಿಡಿದು ಮಾತಾಡುವುದನ್ನು ಕಲಿಸಿದಳು. ಹಿಡಿದ ನೋಡಿ, ಬಿಡಲೇ ಇಲ್ಲ!

"ನಮಸ್ಕಾರ್ರೀ ಎಲ್ಲಾರಿಗೂ. ನಾನ್ರೀ, ಮೈಲಾರಪ್ಪ. ಇವತ್ತ ಮಸೂತಿ ಓಣಿಗೆ ಮಧ್ಯಾಹ್ನ ಎರಡಕ್ಕ ನೀರ ಬಿಡ್ತೇನಿ. ಮೊದಲಿಗೆ ಒಂದೀಟ ಕೆಂಪ ಬರ್ತಾವ, ಅವನ್ನ ಭಾಂಡೆ ತಿಕ್ಕಾಕ ಇಟ್ಕೋರಿ. ತುಂಬಿದ ಮ್ಯಾಲ ನಳ ಬಂದ್ ಮಾಡ್ರಿ, ನಿಮಗ ಕೈ ಮುಗೀತೇನಿ."

ಇಷ್ಟೇ. ಆದರೆ ಇದನ್ನು ನಾನೂರು ಮನೆಗಳು ಕಿವಿಗಿಟ್ಟು ಕೇಳುತ್ತಿದ್ದವು. ಮನೆ ಬದಲಾಯಿಸಿ ಉಣಕಲ್ಲಿಗೆ ಹೋದವರೂ ಗ್ರೂಪು ಬಿಡಲಿಲ್ಲ. ಹಳೆಯ ಆಡಿಯೋ ಕೇಳಿ ಯಾರಾದರೂ ಮೋಸ ಹೋದಾರು ಎಂದು, ಏಳು ದಿನಕ್ಕೆ ಎಲ್ಲವೂ ತಾನಾಗಿ ಅಳಿಸಿಹೋಗುವ ಹಾಗೆ ಭಾಗ್ಯಾ ಮಾಡಿಟ್ಟಿದ್ದಳು. ಜಾಣ ಹುಡುಗಿ. ಆ ಜಾಣತನವೇ ಮುಂದೆ ಅಪ್ಪನ ಕುತ್ತಿಗೆಗೆ ಬಂತು.

ಕಳೆದ ಚಳಿಗಾಲದ ಒಂದು ಭಾನುವಾರ. ಮಸೂತಿ ಓಣಿಯ ವೆಲ್ಡಿಂಗ್ ಅಂಗಡಿಯ ಶರೀಫಸಾಬನ ಮನೆಯಲ್ಲಿ ತೀರಿಹೋದ ತಂದೆ ಅಹಮದಸಾಬರ ನಲವತ್ತನೆಯ ದಿನದ ಫಾತೇಹಾ. ಇನ್ನೂರು ಮಂದಿಗೆ ಊಟ. ಬೆಳಿಗ್ಗೆ ಮೈಲಾರಪ್ಪನ ಆಡಿಯೋ ಬಂತು, ಮಧ್ಯಾಹ್ನ ಎರಡಕ್ಕೆ ನೀರು. ಬಂದದ್ದು ನೀರಿನ ಗ್ರೂಪಿಗಲ್ಲ, ಅವರಿವರ ಕೈ ದಾಟಿ ಫಾರ್ವರ್ಡ್ ಆಗಿ ಬಂದದ್ದು. ಅದನ್ನು ನೋಡಿದವರಾರು? ಧ್ವನಿ ಆತನದೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ನಾವು. ಇಡೀ ಓಣಿ ನಂಬಿತು. ಶರೀಫಸಾಬನೂ ಇದ್ದ ಎರಡು ಬ್ಯಾರಲ್ ನೀರನ್ನು ಅಂಗಳ ತೊಳೆಯಲು, ಅಕ್ಕಿ ಮಾಂಸ ತೊಳೆಯಲು ಧಾರಾಳವಾಗಿ ಬಳಸಿದ.

ಎರಡಾಯಿತು, ಮೂರಾಯಿತು. ನಳ ಸುಸ್ ಅಂತಲೂ ಅನ್ನಲಿಲ್ಲ. ಬಂದ ನೆಂಟರಿಗೆ ಕೈ ತೊಳೆಯಲು ನೀರಿಲ್ಲ. ತಂದೆಯ ಹೆಸರಿನ ಊಟದಲ್ಲಿ ಹಿರಿಯರು ಕಾಗದಕ್ಕೆ ಕೈ ಒರೆಸಿಕೊಂಡು ಎದ್ದುಹೋಗುವುದನ್ನು ನೋಡಿ ಶರೀಫಸಾಬನ ತಲೆ ಕೆಟ್ಟಿತು. ಒಣ ನಳದ ಮುಂದೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿದ. "ನೋಡ್ರೀ ಈ ಸುಳ್ಳಬುರಕನ್ನ! ನೀರ ಬಿಡ್ತೇನಂತ ಹೇಳ್ತಾನ, ನೀರ ಬಿಡಂಗಿಲ್ಲ. ಟ್ಯಾಂಕರಿನವರ ಕೂಡ ಸೇರ್ಯಾನ ಇಂವ!" ನಡುವೆ ಮೈಲಾರಪ್ಪನ ಆಡಿಯೋವನ್ನು 'ಎರಡಕ್ಕ' ಎನ್ನುವ ತನಕ ಕೇಳಿಸಿದ. ಫೇಸ್‌ಬುಕ್ಕಿಗೆ ಹಾಕಿದ. ಸಂಜೆಯೊಳಗೆ ನಾಲ್ಕಾರು ಸುದ್ದಿ ಪೇಜಿನವರು ಅದನ್ನು ಎತ್ತಿಕೊಂಡು ಮೈಲಾರಪ್ಪನ ಫೋಟೋದ ಸುತ್ತ ಕೆಂಪು ಗೋಲ ಎಳೆದು ಹಂಚಿದರು. ಮರುದಿನಕ್ಕೆ ಎಂಬತ್ತು ಸಾವಿರ ಮಂದಿ ನೋಡಿದ್ದರು. ಅವರಲ್ಲಿ ಎಂಬತ್ತು ಮಂದಿಯೂ ಆತನ ಕೈಯಿಂದ ಒಂದು ಕೊಡ ನೀರು ಕಂಡವರಲ್ಲ.

ಸೋಮವಾರ ನೀರು ಸರಬರಾಜು ಕಚೇರಿಯಿಂದ ನೋಟೀಸು ಬಂತು. ಮೂರು ದಿನದೊಳಗೆ ಬರಹದಲ್ಲಿ ಉತ್ತರ ಕೊಡಬೇಕು, ಇಲ್ಲವಾದರೆ ಕೆಲಸವಿಲ್ಲ. ಮೈಲಾರಪ್ಪ ಏನು ಉತ್ತರ ಕೊಟ್ಟಾನು? ಧ್ವನಿ ತನ್ನದು, ಮಾತು ತನ್ನದು, ಆದರೆ ಆ ಭಾನುವಾರ ತಾನು ಹೇಳಿದ್ದಲ್ಲ. ಹಳೆಯದು ಎಂದು ತೋರಿಸೋಣವೆಂದರೆ ಗ್ರೂಪಿನಲ್ಲಿ ಎಲ್ಲವೂ ಅಳಿಸಿಹೋಗಿತ್ತು. ಹೆಂಡತಿ ಕಸ್ತೂರೆವ್ವ ತಾಟು ಮುಂದಿಟ್ಟರೆ ಆತ ರೊಟ್ಟಿ ಮುರಿದು ಮುರಿದು ಗುಡ್ಡೆ ಹಾಕಿದ.

"ಕೆಲಸ ಹೋದ್ರ ಹೋಗ್ಲಿ ಬಿಡು," ಅಂದ. "ಇಪ್ಪತ್ತಾರ ವರ್ಷ ಮಂದಿ ನನ್ನ ಮಾತ ನಂಬಿ ಕೊಡಾ ತೊಗೊಂಡ ನಿಂತಾರ. ಈಗ ಸುಳ್ಳಬುರಕ ಆದೆ."

"ನೀ ಆ ಆಡಿಯೋ ಒಮ್ಮೆರೆ ಪೂರಾ ಕೇಳೀಯೇನು?" ಕಸ್ತೂರೆವ್ವ ಕೇಳಿದಳು.

"ನನ್ನ ಮಾತ ನಾ ಏನ ಕೇಳೂದು?"

"ಕೇಳಂದ್ರ ಕೇಳು. ಕೀಲಿಗೆ ಕಿವಿ ಹಚ್ಚಾಕ ಬರತೈತಿ, ಇದಕ್ಕ ಬರಂಗಿಲ್ಲೇನು?"

ಆ ಹೆಣ್ಣುಮಗಳ ಬಾಯಿಗೆ ಸಕ್ಕರೆ ಹಾಕಬೇಕು. ಭಾಗ್ಯಾ ಓಣಿಯ ಯಾರಿಂದಲೋ ಆಡಿಯೋ ತರಿಸಿ ಹಚ್ಚಿದಳು. ಎರಡಕ್ಕ, ಕೆಂಪ ನೀರ, ಕೈ ಮುಗೀತೇನಿ. ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಿದ್ದರು. ಬೇಕಾದ ಗಂಟೆ ಸಿಕ್ಕಮೇಲೆ ಮುಂದೆ ಕೇಳುವ ತಾಳ್ಮೆ ಯಾರಿಗಿದೆ? ಆದರೆ ಮೈಲಾರಪ್ಪ ಗುಂಡಿಯಿಂದ ಬೆರಳು ತೆಗೆಯುವುದರೊಳಗೆ ದೂರದಿಂದ ಇನ್ನೊಂದು ಧ್ವನಿ ಒಳಗೆ ಬಂದಿತ್ತು, ಮುದಿ ಧ್ವನಿ, ತುಸು ಕೆಮ್ಮು. "ಏ ಮೈಲಾರಿ, ಚಾ ಕುಡದೀಯೇನೋ?" ಅಲ್ಲಿಗೆ ಮುಗಿಯಿತು.

ಮೈಲಾರಪ್ಪ ಗೋಡೆಗೆ ಒರಗಿ ಕೂತುಬಿಟ್ಟ. "ಅಹಮದ ಚಾಚಾ," ಅಂದ. ನಲವತ್ತೆರಡು ದಿನದ ಹಿಂದೆ ಆತನೇ ಹೆಗಲು ಕೊಟ್ಟು ಕಳಿಸಿದ ಮನುಷ್ಯ. ಕೈ ಮುಖಕ್ಕೆ ಒತ್ತಿಕೊಂಡು ಗಳಗಳನೆ ಅತ್ತ.

ಭಾಗ್ಯಾ ಮಾತ್ರ ಕುಣಿದಾಡಿದಳು. "ಗೆದ್ದಿ ನೋಡಪ್ಪಾ! ತೀರಿದವ್ರು ಮಾತಾಡ್ಯಾರಂದ್ರ ಆಡಿಯೋ ಹಳೇದಂತ ಆತಲ್ಲ. ಈಗಿಂದೀಗ ಸಾಹೇಬರಿಗೆ ಕಳಸು, ಗ್ರೂಪಿಗೂ ಹಾಕು."

"ಹುಚ್ಚಿ, ಸುಮ್ಮನಿರು. ಅದು ಆ ಮನಿ ಧ್ವನಿ. ಅವರನ್ನ ಕೇಳದ ನಾ ಹೆಂಗ ಹಾಕ್ಲಿ?"

"ಅವ್ರು ನಿನ್ನ ಕೇಳಿ ವಿಡಿಯೋ ಹಾಕಿದ್ರೇನು?"

ಮೈಲಾರಪ್ಪ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಶರೀಫಸಾಬನ ಮನೆಗೇ ಹೋದ.

ಶರೀಫಸಾಬ ಬಾಗಿಲಲ್ಲೇ ತಡೆದ. "ಕೈಕಾಲ ಹಿಡ್ಯಾಕ ಬಂದ್ಯಾ? ವಿಡಿಯೋ ನಾ ತೆಗ್ಯಾಂವಲ್ಲ."

"ತೆಗಿ ಅನ್ನಾಕ ಬಂದಿಲ್ಲಪಾ. ಒಂದ ಮಾತ ಕೇಳಸ್ತೇನಿ, ಕೇಳಿ ಕಳಿಸಿಬಿಡು."

ಮೈಲಾರಪ್ಪ ಮೊಬೈಲು ಮುಂದೆ ಹಿಡಿದ. ಕೊನೆಯ ಮಾತು ಬಂದದ್ದೇ ಶರೀಫಸಾಬ ಬಾಗಿಲಿಗೆ ಅಡ್ಡ ಇಟ್ಟ ಕೈ ತೆಗೆದ. ಇನ್ನೊಮ್ಮೆ ಹಚ್ಚು ಎಂದು ಕೈಸನ್ನೆ ಮಾಡಿದ. ಇನ್ನೊಮ್ಮೆ ಕೇಳಿದ. ಅಪ್ಪನ ಕೆಮ್ಮಿನ ಸದ್ದಿಗೆ ಆ ನಲವತ್ತರ ಗಂಡಸು ಹೊಸ್ತಿಲ ಮೇಲೆ ಕುಸಿದು ಕೂತ.

ಆಗ ಒಳಕೋಣೆಯ ಪರದೆಯ ಹಿಂದಿನಿಂದ ಗುಲ್ಜಾರಬಿಯ ಧ್ವನಿ ಬಂತು. ಅಹಮದಸಾಬರ ಹೆಂಡತಿ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬಾರದೆ ಇದ್ದತ್ ಕೂತಿದ್ದಳು. "ಶರೀಫಾ, ಅದನ್ನ ಎಲ್ಲಿಂದ ತಂದ್ರಿ? ಅದು ನನ್ನ ಫೋನಿನಾಗಿಂದು."

"ನಿಂದೇನವ್ವಾ?"

"ನಂದು. ಅವತ್ತ ನಿಮ್ಮಪ್ಪ 'ನೋಡಿಲ್ಲೆ, ಮೈಲಾರಿ ಆಡಿಯೋದಾಗ ನಾನೂ ಬಂದೇನಿ' ಅಂತ ಸಣ್ಣ ಹುಡುಗೂರಗತೆ ಕುಣಕೋತ ಬಂದು, ಬಾಜೂದ ಕೋಣ್ಯಾಗ ಕುಂತಾಕಿಗೆ ನನಗ ಕಳಿಸಿದ್ರು. ಅವರ ಧ್ವನಿ ಅಂತ ನನ್ನ ಹಂತ್ಯಾಕ ಇರೂದು ಅದೊಂದ. ದಿನಾ ಹಚ್ಕೊಂಡ ಕೇಳ್ತೇನಿ. ಫಾತೇಹಾದ ದಿನ ನಸುಕಿನ್ಯಾಗ ಕೇಳಾಕತ್ತಿದ್ದೆ. ಕಣ್ಣಾಗ ನೀರು, ಎಲ್ಲಿ ಒತ್ತಿದೆ, ಯಾರಿಗೆ ಹೋತು, ನನಗೇನ ಗೊತ್ತು? ಓಣಿ ಹೆಣ್ಣಮಕ್ಕಳ ಗ್ರೂಪಿಗೆ ಹೋಗಿರಬೇಕು. ಮೈಲಾರಪ್ಪನ ಅನ್ನಕ್ಕ ಕಲ್ಲ ಹಾಕಿದಾಕಿ ನಾ ಅದೇನಿ."

"ಹಂಗನಬ್ಯಾಡ್ರಿ ಚಾಚಿ," ಅಂದ ಮೈಲಾರಪ್ಪ.

"ನೀ ಸುಮ್ಮನಿರು. ಶರೀಫಾ, ಆ ಗುಂಡಿ ಹೆಂಗ ಹಿಡಿಯೂದು ಹೇಳು. ನಾ ಹೊರಗ ಬರೂಹಂಗಿಲ್ಲ, ನನ್ನ ಮಾತರೆ ಹೋಗ್ಲಿ."

ಗಂಡಸರ ಎದುರು ಎಂದೂ ದನಿಯೆತ್ತದ ಗುಲ್ಜಾರಬಿ ಅವತ್ತು ನೀರಿನ ಗ್ರೂಪಿಗೆ ಮಾತಾಡಿದಳು. "ನಾ ಶರೀಫನ ತಾಯಿ. ಆ ಆಡಿಯೋ ನಮ್ಮ ಮನಿಯವರು ಇದ್ದಾಗಿಂದು. ನನ್ನ ಕೈ ತಪ್ಪಿ ಹೋಗೇತಿ. ತಪ್ಪು ನಂದು. ಮೈಲಾರಪ್ಪಗ ಯಾರರೆ ಸುಳ್ಳಬುರಕ ಅಂದ್ರ ಅದು ನನಗ ಅಂದಂಗ." ಈ ಆಡಿಯೋವನ್ನು ಮಾತ್ರ ಎಲ್ಲರೂ ಕೊನೆಯತನಕ ಕೇಳಿದರು, ಇದರಲ್ಲಿ ನಾನು ಒಂದಿಷ್ಟೂ ಬಣ್ಣ ಹಚ್ಚುತ್ತಿಲ್ಲ.

ಮರುದಿನ ಶರೀಫಸಾಬನೇ ತಂದೆಯ ಮರಣ ಪ್ರಮಾಣಪತ್ರ ಹಿಡಿದು ಮೈಲಾರಪ್ಪನ ಜೊತೆ ಕಚೇರಿಗೆ ಹೋದ. ಇಂಜಿನಿಯರ್ ಸಾಹೇಬರು ಆಡಿಯೋ ಕೇಳಿದರು, ಪತ್ರದ ತಾರೀಖು ನೋಡಿದರು, ನೋಟೀಸು ಹಿಂದೆ ತೆಗೆದುಕೊಂಡರು. "ಆ ಆಡಿಯೋ ನನಗೊಂದ ಫಾರ್ವರ್ಡ್ ಮಾಡ್ರಿ, ಫೈಲಿಗೆ ಇರಲಿ," ಅಂದದ್ದಕ್ಕೆ ಶರೀಫಸಾಬ ಕೈ ಮುಗಿದು, "ಒಮ್ಮೆ ಫಾರ್ವರ್ಡ್ ಆಗಿದ್ದಕ್ಕ ಇಷ್ಟ ಆಗೇತ್ರೀ ಸಾಹೇಬ್ರ, ಸಾಕು," ಅಂದ. ಸಾಹೇಬರೂ ನಕ್ಕುಬಿಟ್ಟರು.

ಶರೀಫಸಾಬ ತನ್ನ ವಿಡಿಯೋ ಅಳಿಸಿ, ತಪ್ಪಾಯಿತೆಂದು ಇನ್ನೊಂದು ಹಾಕಿದ. ಅದನ್ನು ನೋಡಿದವರು ಆರುನೂರು ಮಂದಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಹಳೆಯದು ಇನ್ನೂ ಯಾರು ಯಾರದೋ ಪೇಜಿನಲ್ಲಿ ತಿರುಗುತ್ತಿದೆ. ಮೊನ್ನೆ ಧಾರವಾಡದ ಬಸ್ಸಿನಲ್ಲಿ ಯಾರೋ ಒಬ್ಬ ಮೈಲಾರಪ್ಪನನ್ನು ಗುರುತು ಹಿಡಿದು "ಟ್ಯಾಂಕರ್ ಕಾಕಾ" ಅಂದನಂತೆ. ನನಗೆ ಮೈ ಉರಿಯಿತು, ಆತ ಮಾತ್ರ ಕಿಡಕಿಯ ಹೊರಗೆ ನೋಡುತ್ತ ಕೂತನಂತೆ. ಈಗ ಪ್ರತಿ ಆಡಿಯೋದಲ್ಲಿ ಮೊದಲು ವಾರ, ತಾರೀಖು ಹೇಳುತ್ತಾನೆ, ಆಮೇಲೆ ನಮಸ್ಕಾರ.

ಆ ಗಲಾಟೆ ಮುಗಿದ ಮೇಲೆ ಮೊದಲ ಸಲ ಮಸೂತಿ ಓಣಿಗೆ ನೀರು ಬಿಡುವ ದಿನ ಬಂತು. ಹೆಂಗಸರು ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎರಡು ಹೊಡೆಯುತ್ತಲೇ ನಳ ಸೀನಿತು, ಕೆಂಪು ಬಂತು, ತಿಳಿಯಾಯಿತು. ಮೈಲಾರಪ್ಪ ಕೀಲಿ ತೆಗೆದು ಸೈಕಲ್ಲಿಗೆ ಕಟ್ಟುತ್ತಿದ್ದ. ಶರೀಫಸಾಬನ ಮನೆಯ ಕಿಡಕಿಯ ಪರದೆಯ ಹಿಂದಿನಿಂದ ಗುಲ್ಜಾರಬಿ ಕರೆದಳು.

"ಮೈಲಾರಪ್ಪಾ, ಒಂದ ಕೇಳ್ತೇನಿ. ಅವತ್ತ ಅವರು 'ಚಾ ಕುಡದೀಯೇನೋ' ಅಂದ್ರು. ಅಲ್ಲಿಗೆ ಕಟ್ ಆಗೇತಿ. ಐವತ್ತ ದಿನ ಆತು, ಅದನ್ನ ಕೇಳಿ ಕೇಳಿ ಮುಂದ ಏನಂದ್ರೋ ಅಂತ ನನ್ನ ಜೀವ ಎಳದಾಡಾಕತ್ತೇತಿ. ಮುಂದ ಏನಂದ್ರು?"

ಮೈಲಾರಪ್ಪ ಹಗ್ಗ ಹಿಡಿದ ಕೈ ನಿಲ್ಲಿಸಿದ. ಆತನಿಗೆ ಎಲ್ಲ ನೆನಪಿತ್ತು. ಹೇಳುವುದಿಲ್ಲವೆಂದು ಚಾಚಾನಿಗೆ ಮಾತು ಕೊಟ್ಟದ್ದೂ ನೆನಪಿತ್ತು. "ಖರೇ ಹೇಳ್ಲಿರೀ ಚಾಚಿ?"

"ನಿನಗ ಸುಳ್ಳ ಹೇಳಾಕ ಎಲ್ಲಿ ಬರತೈತಿ?"

"'ಬಾ, ಮೂಲಿ ಅಂಗಡಿಗೆ ಹೋಗೂಣು, ಮನ್ಯಾಗ ಅಕಿ ಸಕ್ಕರಿ ಹಾಕಂಗಿಲ್ಲ' ಅಂದ್ರು. ಎರಡ ಚಮಚಾ ಹಾಕಿಸ್ಕೊಂಡು ಕುಡದ್ರು. ಮ್ಯಾಲೊಂದ ಖಾರಿ ಬಿಸ್ಕೀಟ ತಿಂದ್ರು. 'ಅಕಿಗೆ ಹೇಳಿಗೀಳೀ ಮತ್ತ! ಇಷ್ಟ ವರ್ಷ ನನ್ನ ಜೀವ ಕಾಯಾಕತ್ತಾಳ, ಪಾಪ, ಮನಸಿಗೆ ಹಚ್ಕೊಂತಾಳ' ಅಂದ್ರು."

"ಎಷ್ಟ ದಿನದಿಂದ ನಡದಿತ್ತದು?"

"ಸಕ್ಕರಿ ಬ್ಯಾನಿ ಐತಿ ಅಂತ ಗೊತ್ತಾದಾಗಿಂದ್ರಿ. ಹನ್ನೊಂದ ವರ್ಷ."

ಪರದೆಯ ಹಿಂದಿನಿಂದ ನಗು ಕೇಳಿತು, ನಗುವಿನೊಳಗೇ ಅಳು.

"ನನಗ ಗೊತ್ತಿದ್ದಿಲ್ಲಂತ ತಿಳದೀಯೇನು? ದಿನಾ ಅಂಗಿ ಮ್ಯಾಲ ಖಾರಿ ಪುಡಿ ಇರ್ತಿತ್ತು. ಹೊರಗ ಕುಡೀತಾರಂತ ಗೊತ್ತಿದ್ದಕ್ಕ ಮನ್ಯಾಗ ಹಾಕ್ತಿದ್ದಿಲ್ಲ ನಾನು. ಇಲ್ಲಾಂದ್ರ ಒಂದ ಚಮಚಾ ನನ್ನ ಕೈಲೆ ಹಾಕಿ ಕೊಡ್ತಿದ್ದಿಲ್ಲೇನು?" ಮೂಗು ಒರೆಸಿಕೊಂಡ ಸದ್ದಾಯಿತು. ಕಿಡಕಿಯ ಸರಳಿನೊಳಗಿಂದ ಮೊಬೈಲು ಹಿಡಿದ ಕೈ ಹೊರಗೆ ಬಂತು. ಹೆಬ್ಬೆರಳು ಗುಂಡಿಯ ಮೇಲಿತ್ತು. "ಒತ್ತಿ ಹಿಡದೇನಿ. ಮತ್ತೊಮ್ಮೆ ಹೇಳು. ಅವರು ಹೆಂಗಂದ್ರೋ ಹಂಗ ಹೇಳು."

ಮೈಲಾರಪ್ಪ ಸೈಕಲ್ಲನ್ನು ಗೋಡೆಗೆ ಆನಿಸಿ, ಕಿಡಕಿಯ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳಿದ. ಅವತ್ತು ಮುಂದಿನ ಓಣಿಗೆ ನೀರು ಕಾಲು ಗಂಟೆ ತಡವಾಗಿ ಬಂತು.